ಅಕ್ಕನ ಮೆಣಸಿನಕಾಯಿ, ಹಲ್ಲಣ್ಣನ ಕಿಟಕಿ

ಹಲ್ಲಣ್ಣನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಅದು ಇನ್ನೆಲ್ಲೂ ಚಲಾವಣೆಯಲ್ಲಿರಲಿಲ್ಲ. ಬೀದಿಯ ಚಿಕ್ಕವರು ದೊಡ್ಡವರೆಲ್ಲ ಹಲ್ಲಣ್ಣ ಅಂತಲೇ ಕರೆಯುವುದು, ಅವನೂ ಓಗೊಡುವುದು. ಹಾಗಂತ ಅವನು ಹಲ್ಲು ಕೀಳುವ ಡಾಕ್ಟರೇನಲ್ಲ. ಡಾಕ್ಟರು ಕಿತ್ತು ಕೈತೊಳೆದುಕೊಂಡ ಮೇಲೆ ಬೊಚ್ಚು ಬಾಯಿಗೆ ಹಲ್ಲಿನ ಸೆಟ್ಟು ಮಾಡಿ ಕೂರಿಸುವವನು. ಮೂವತ್ತು ವರ್ಷದಿಂದ ಅದೇ ಕೆಲಸ. ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಅಚ್ಚು ತೆಗೆದು, ಮೇಣದಲ್ಲಿ ವಸಡು ತಿದ್ದಿ, ಗುಲಾಬಿ ಬಣ್ಣದ ಪುಡಿ ಕಲಸಿ, ಬಿಸಿನೀರಿನ ತೊಟ್ಟಿಯಲ್ಲಿ ಬೇಯಿಸಿ, ಚಕ್ರಕ್ಕೆ ಹಿಡಿದು ಪಾಲಿಶ್ ಮಾಡಿ ಕೊಟ್ಟನೆಂದರೆ, ಹಾಕಿಕೊಂಡವರು ಕಡಲೆ ಕಡಿಯದಿದ್ದರೆ ಆಮೇಲೆ ಕೇಳಿ. ಊರವರಿಗೆಲ್ಲ ಮೇಲಿನದು ಕೆಳಗಿನದು ಜೋಡಿ ಕೂಡಿಸಿದವನಿಗೆ ತನಗೊಂದು ಜೋಡಿ ಮಾತ್ರ ಕೂಡಿಬರಲಿಲ್ಲ. ಐವತ್ತೇಳು ವಯಸ್ಸು, ಒಂಟಿ ಜೀವ, ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ.

ಊರೋ, ವರ್ಷದಲ್ಲಿ ಎಂಟು ತಿಂಗಳು ಸ್ವೆಟರ್ ಬಿಚ್ಚದ ಊರು. ಬೆಳಗ್ಗೆ ಹತ್ತಾದರೂ ಮಂಜು ಬೀದಿ ಬಿಟ್ಟು ಕದಲುವುದಿಲ್ಲ. ಒಗೆದ ಬಟ್ಟೆ ಮೂರು ದಿನಕ್ಕೂ ಒಣಗದೆ, ನಾಲ್ಕನೇ ದಿನ ಅದನ್ನೇ ಹಾಕಿಕೊಂಡು ಮೈಮೇಲೆ ಒಣಗಿಸಿಕೊಳ್ಳಬೇಕು. ಅಲ್ಲಿನ ಅಂಗಡಿಗಳಲ್ಲಿ ಸಿಗುವ ಮೆಣಸಿನಕಾಯಿಗೆ ಬಣ್ಣ ಇರುತ್ತದೆ, ಮೈ ಇರುತ್ತದೆ, ಖಾರ ಒಂದು ಇರುವುದಿಲ್ಲ. ಊರವರಿಗೆ ಅದೇ ಸಾಕು.

ಇಂಥ ಊರಿಗೆ ಅವನ ಅಕ್ಕ ಬಂದಳು. ಅಕ್ಕ ಅಂದರೆ ಬರೀ ಅಕ್ಕ ಅಲ್ಲ. ಹಲ್ಲಣ್ಣನಿಗೆ ಐದು ವರ್ಷವಾದಾಗ ಅಮ್ಮ ತೀರಿಕೊಂಡಳು. ಆಗ ಹತ್ತೊಂಬತ್ತರ ಈ ಅಕ್ಕ ಅವನಿಗೆ ತಲೆ ಬಾಚಿ, ಮೂಗು ಒರೆಸಿ, ಎರಡು ಕೊಟ್ಟು, ಸಾಕಿ ದೊಡ್ಡವನನ್ನು ಮಾಡಿದಳು. ಮದುವೆಯಾದ ನಾಲ್ಕೇ ವರ್ಷಕ್ಕೆ ಭಾವ ಹೋದ. ಆಮೇಲೆ ಅಕ್ಕ ಕೆಳಗಿನ ಸೆಕೆಯ ಊರಿನ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊರಡುವ ವೇಳೆ ಕೂಗುವ ಕೆಲಸ ಹಿಡಿದಳು. ಇಪ್ಪತ್ತೊಂಬತ್ತು ವರ್ಷ ಕೂಗಿದಳು. ಮೈಕು ಕೆಟ್ಟ ದಿನವೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಂಥ ಗಂಟಲು. ಕೆಲಸ ಬಿಟ್ಟ ಮೇಲೂ ಗಂಟಲು ಬಿಡಲಿಲ್ಲ. ಎಪ್ಪತ್ತೊಂದರ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಳು ನೋಡಿ, ಆ ಗಂಟಲೂ ಉಪಯೋಗಕ್ಕೆ ಬರಲಿಲ್ಲ. ಒಂದೂವರೆ ದಿನ ತಣ್ಣನೆ ನೆಲದ ಮೇಲೆ ಬಿದ್ದಿದ್ದಳು. ಹಾಲಿನವಳು ಬಾಗಿಲು ಬಡಿದು ಬಡಿದು, ಅನುಮಾನ ಬಂದು, ಕಿಟಕಿಯಲ್ಲಿ ಇಣುಕಿದ್ದಕ್ಕೆ ಬದುಕಿಕೊಂಡಳು. ಸುದ್ದಿ ಕೇಳಿದ ಹಲ್ಲಣ್ಣನಿಗೆ ಜೀವವೇ ಬಾಯಿಗೆ ಬಂತು. ಸೊಂಟದ ಆಪರೇಷನ್ ಮುಗಿದು ಕೋಲು ಹಿಡಿದು ನಡೆಯುವ ಹಾಗಾದ ತಕ್ಷಣ, ಕೈಕಾಲು ಹಿಡಿದು, ಆಣೆ ಭಾಷೆ ಹಾಕಿ, ತನ್ನ ಮನೆಗೆ ಕರೆತಂದ.

ಬಂದವಳು ಕೋಣೆ ನೋಡಿದಳು, ಬೆವತ ಗೋಡೆ ನೋಡಿದಳು, ಕಿಟಕಿಯಾಚೆಯ ಮಂಜು ನೋಡಿದಳು. ಸೆರಗಿನ ಗಂಟಿನಿಂದ ಒಂದು ಸಣ್ಣ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟಳು. ಒಳಗೆ ಮೆಣಸಿನಕಾಯಿ ಬೀಜ.

"ನೋಡೋ, ನೀನು ಕರೆದೆ ಅಂತ ಬಂದಿದೀನಿ. ಈಗ ನನ್ನ ಮಾತು ಕೇಳು. ಇದು ಇಲ್ಲಿ ಹುಟ್ಟಿ, ಕಾಯಿ ಬಿಟ್ಟು, ನನ್ನ ಬಾಯಿ ಉರಿಸಿದರೆ ನಾನು ಇಲ್ಲಿರ್ತೀನಿ. ನನ್ನ ಮೆಣಸಿನಕಾಯಿ ಬದುಕದ ಊರಲ್ಲಿ ನಾನು ಬದುಕೋದಿಲ್ಲ. ಹೊರಟುಹೋಗ್ತೀನಿ."

"ಹೋಗಿ? ಅಲ್ಲಿ ಮತ್ತೆ ಬಿದ್ದರೆ?"

"ಬಿದ್ದರೆ ಬೀಳ್ತೀನಿ. ನನ್ನ ನೆಲದ ಮೇಲೆ ನಾನು ಬೀಳೋದಕ್ಕೆ ನಿನ್ನ ಅಪ್ಪಣೆ ಬೇಕಾ?"

ಅಕ್ಕ ಒಮ್ಮೆ ಕೂಗಿದಳೆಂದರೆ ಬಸ್ಸು ಹೊರಡಲೇಬೇಕು, ಅದು ಹಲ್ಲಣ್ಣನಿಗೆ ಚೆನ್ನಾಗಿ ಗೊತ್ತು. ಆ ಮೆಣಸಿನಕಾಯಿ ಅಮ್ಮನ ಕೈಯಿಂದ ಅಕ್ಕನ ಕೈಗೆ ಬಂದದ್ದು. ಕಿರುಬೆರಳಿನ ಒಂದೂವರೆ ಗೆಣ್ಣಿನಷ್ಟು ಉದ್ದ, ಗಿಡದಲ್ಲಿ ಆಕಾಶಕ್ಕೆ ಮುಖ ಮಾಡಿ ನಿಲ್ಲುವ ಜಾತಿ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹಿತ್ತಲಲ್ಲಿ ಅದನ್ನೇ ಬೀಜ ಮಾಡಿ ಅದನ್ನೇ ಬಿತ್ತಿಕೊಂಡು ಬಂದವಳು. ಯಾರಿಗೂ ಒಂದು ಬೀಜ ಕೊಟ್ಟವಳಲ್ಲ. ಕೇಳಿದವರಿಗೆ ಒಣಗಿಸಿ, ಕುಟ್ಟಿ, ಪುಡಿ ಮಾಡಿ ಕೊಡುತ್ತಿದ್ದಳು, ಎಲ್ಲಿ ಬಿತ್ತಿಬಿಡುತ್ತಾರೋ ಅಂತ! ಜಿಪುಣತನದಲ್ಲೂ ಅಂಥ ನಾಜೂಕು. ಅವಳು ಆಸ್ಪತ್ರೆಯಲ್ಲಿದ್ದಾಗ ಮನೆಯ ಮಾಲೀಕ ಆ ಹಿತ್ತಲಿಗೆ ಸಿಮೆಂಟ್ ಹಾಕಿಸಿದ್ದ. ಆ ಡಬ್ಬಿಯಲ್ಲಿದ್ದದ್ದು ಬಿಟ್ಟರೆ ಭೂಮಿಯ ಮೇಲೆ ಅದರ ಬೀಜ ಇನ್ನೆಲ್ಲೂ ಇರಲಿಲ್ಲ.

ಹಲ್ಲಣ್ಣ ಮೀನಮೇಷ ಎಣಿಸದೆ ಮಾರನೇ ದಿನವೇ ಅರ್ಧ ಡಬ್ಬಿ ಬೀಜ ಬಿತ್ತಿದ. ಬಿತ್ತಿದ್ದೆಲ್ಲಿ? ಅಂಗಡಿಯ ಹಿಂದಿನ ಅಂಗಳದಲ್ಲಿ, ಮೂರು ಕುಂಡಗಳಲ್ಲಿ, ಬಯಲಿಗೆ. ದಿನವೂ ಚೊಂಬಿನಲ್ಲಿ ನೀರು ಹೊಯ್ದು ಹದಿನೆಂಟು ದಿನ ಕಾದ. ಹತ್ತೊಂಬತ್ತನೇ ದಿನ ತಾಳಲಾರದೆ ಬೆರಳು ಹಾಕಿ ಕೆದಕಿದರೆ, ಬೀಜಗಳೆಲ್ಲ ಕೊಳೆತು ಅಂಟಂಟಾಗಿದ್ದವು. ಇಂಗು ತಿಂದ ಮಂಗನ ಹಾಗೆ ಒಳಗೆ ಬಂದ. ಅಕ್ಕ ಏನೂ ಬೈಯಲಿಲ್ಲ. "ಕೆಳಗಿನ ಊರಿಗೆ ಬಸ್ಸು ಎಷ್ಟು ಗಂಟೆಗೆ?" ಅಂತಷ್ಟೇ ಕೇಳಿದಳು. ಬೈದಿದ್ದರೆ ವಾಸಿಯಿತ್ತು ಅಂದುಕೊಂಡ ಅವನು.

ಎರಡು ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮೂರನೇ ದಿನ ಸೆಟ್ಟು ಬೇಯಿಸುವ ತೊಟ್ಟಿಯ ಮುಂದೆ ಕೂತು ಚಳಿಗೆ ಕೈ ಕಾಯಿಸಿಕೊಳ್ಳುತ್ತಿದ್ದಾಗ ಥಟ್ಟನೆ ಹೊಳೆಯಿತು. ತನಗೇ ಚಳಿ ಆಗುತ್ತಿದೆಯಲ್ಲ, ಸೆಕೆಯ ಊರಿನ ಬೀಜಕ್ಕೆ ಆಗಬೇಡವಾ? ತೊಟ್ಟಿಯ ಮೇಲೊಂದು ಮರದ ಹಲಗೆ ಇತ್ತು. ಅಂಗೈ ಇಟ್ಟರೆ ಹಿತವಾಗಿ ಬೆಚ್ಚಗೆ. ಥರ್ಮಾಮೀಟರ್ ಇಟ್ಟು ನೋಡಿದ: ಇಪ್ಪತ್ತೆಂಟು ಡಿಗ್ರಿ. ಗಿರಾಕಿಗಳಿಗೆ ಸೆಟ್ಟು ಹಾಕಿಕೊಡುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಒದ್ದೆ ಕಾಗದ ಹಾಸಿ, ಉಳಿದ ಬೀಜವನ್ನೆಲ್ಲ ಅವುಗಳಲ್ಲಿ ಹರಡಿ, ಮುಚ್ಚಳ ಮುಚ್ಚಿ ಆ ಹಲಗೆಯ ಮೇಲೆ ಸಾಲಾಗಿ ಇಟ್ಟ. ಕೆಲಸ ಇರಲಿ ಬಿಡಲಿ ತೊಟ್ಟಿ ಬಿಸಿ ಇಟ್ಟ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ.

ಹತ್ತನೇ ಬೆಳಗ್ಗೆ ಮುಚ್ಚಳ ತೆಗೆದರೆ ಬೀಜದ ಮೂತಿಯಿಂದ ದಾರದ ಎಳೆಯಷ್ಟು ಬಿಳಿ ಬೇರು ಇಣುಕಿತ್ತು. ಡಬ್ಬಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದ. ಅಕ್ಕ ಕನ್ನಡಕ ಹಾಕಿಕೊಂಡು, ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು.

"ಹುಟ್ಟಿತು ಕಣೋ!" ಅಂದಳು. ಬೀದಿಯ ತುದಿಯ ಕ್ಷೌರದಂಗಡಿಯವನಿಗೂ ಕೇಳಿಸಿತಂತೆ.

ಹುಟ್ಟಿದ್ದು ಹದಿನಾಲ್ಕು, ಉಳಿದದ್ದು ಮೂರು. ಬೆಳಕು ಸಾಲದೆ ಸಸಿಗಳು ಉದ್ದುದ್ದ ಬೆಳೆದು ಸೊಟ್ಟಗಾದವು. ಪಾಲಿಶ್ ಚಕ್ರದ ಮೇಲಿನ ದೀಪವನ್ನು ಅವುಗಳ ಕಡೆಗೆ ತಿರುಗಿಸಿ ಹಲ್ಲಣ್ಣ ತಾನು ತಲೆಗೆ ಟಾರ್ಚು ಕಟ್ಟಿಕೊಂಡು ಪಾಲಿಶ್ ಮಾಡಿದ. ಅದಕ್ಕಿಂತ ದೊಡ್ಡ ಪೀಡೆ ಅಂದರೆ ಪ್ರೀತಿ. ಬೆಳಗ್ಗೆ ಅವನು ನೀರು ಹಾಕಿ ಹೋದರೆ ಮಧ್ಯಾಹ್ನ ಅಕ್ಕ ಹಾಕುತ್ತಿದ್ದಳು, ಸಂಜೆ ಅವನು ಮತ್ತೆ ಹಾಕುತ್ತಿದ್ದ. ಒಬ್ಬರಿಗೊಬ್ಬರು ಹೇಳುತ್ತಿರಲಿಲ್ಲ. ಬುಡ ಕೊಳೆತು ಒಂದೊಂದೇ ಸಸಿ ತಲೆಬಾಗಿ ಮಲಗಿತು. ಹನ್ನೊಂದನೆಯದು ಹೋದ ಮೇಲೆ ಇಬ್ಬರಿಗೂ ನಿಜ ಗೊತ್ತಾಗಿ, ನೀರಿನ ಚೊಂಬನ್ನೇ ಬೀರುವಿನಲ್ಲಿ ಇಟ್ಟು ಬೀಗ ಹಾಕಿದರು. ಬೀಗದ ಕೈ ಅಕ್ಕನ ಸೊಂಟಕ್ಕೆ ಹೋಯಿತು.

ಅಂಗಡಿಗೆ ಬಿಸಿಲು ಬೀಳುವ ಕಿಟಕಿ ಒಂದೇ. ಮೂರು ಗಿಡಗಳು ಅಲ್ಲಿ ಸೇರಿಕೊಂಡವು. ಅವು ಹೂ ಬಿಡುವ ಕಾಲಕ್ಕೆ ಟೀಚರಮ್ಮ ಬಂದರು. ಟೀಚರಮ್ಮ ಅಂದರೆ ಹಿಂದಿನ ಬೀದಿಯ, ರಿಟೈರಾದ ವಿಜ್ಞಾನದ ಟೀಚರ್. ಹಲ್ಲಣ್ಣನ ಹಳೆಯ ಗಿರಾಕಿ, ಮೇಲಿನ ಸೆಟ್ಟು ಪೂರ್ತಿ ಅವನದೇ. ಎರಡು ಕೈಯಲ್ಲೂ ಎರಡು ಕುಂಡ, ಕುಂಡದಲ್ಲಿ ದೊಣ್ಣೆಮೆಣಸಿನಕಾಯಿ ಗಿಡ.

"ನಮ್ಮನೇಲಿ ಬಿಸಿಲು ಅನ್ನೋದೇ ಇಲ್ಲ, ಹಲ್ಲಣ್ಣ. ನಿಮ್ಮ ಕಿಟಕೀಲಿ ಒಂಚೂರು ಜಾಗ ಕೊಡ್ತೀರಾ?"

"ಅಯ್ಯೋ, ಅದಕ್ಕೇನು ಮೇಡಂ, ಇಡಿ ಇಡಿ" ಅಂದ. ಕೇಳಿದವರಿಗೆ ಇಲ್ಲ ಅನ್ನುವುದು ಅವನ ಜಾತಕದಲ್ಲೇ ಇರಲಿಲ್ಲ.

ಹೂವೇನೋ ಬಂದವು, ಆದರೆ ನಾಲ್ಕು ದಿನಕ್ಕೆ ಉದುರತೊಡಗಿದವು. ಮುಚ್ಚಿದ ಕಿಟಕಿ, ಗಾಳಿಯಿಲ್ಲ, ಜೇನ್ನೊಣವಿಲ್ಲ. "ಹೂವಿನ ಧೂಳು ಅಲ್ಲಾಡಬೇಕು ಕಣೋ, ಇಲ್ಲದಿದ್ದರೆ ಕಾಯಿ ಎಲ್ಲಿಂದ ಕಚ್ಚುತ್ತೆ?" ಅಂದಳು ಅಕ್ಕ. ಹಲ್ಲಣ್ಣ ತನ್ನ ಅತಿ ಸಣ್ಣ ಬ್ರಷ್ಷು ತೆಗೆದ. ಹಲ್ಲಿನ ಬುಡದ ಗೆರೆ ತಿದ್ದುವ, ನಾಲ್ಕೇ ಕೂದಲಿನ ಬ್ರಷ್ಷು. ದಿನವೂ ಬೆಳಗ್ಗೆ ಕಿಟಕಿಯ ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ಹೂವಿನ ಒಳಗೂ ಮೆಲ್ಲಗೆ ಆಡಿಸಿದ. ಟೀಚರಮ್ಮನ ಗಿಡದ ಹೂವೂ ಉದುರುತ್ತಿದ್ದವಲ್ಲ, ಪಾಪ ಅಂತ ಅವಕ್ಕೂ ಆಡಿಸಿದ. ಮೊದಲು ಅವರದು, ಆಮೇಲೆ ತನ್ನದು. ಅತಿಥಿಗೆ ಮೊದಲು ಬಡಿಸಬೇಕಲ್ಲ.

ಮಂಜು ಮತ್ತೆ ಬೀದಿಗಿಳಿಯುವ ಹೊತ್ತಿಗೆ ಮೂರು ಗಿಡದಲ್ಲೂ ಕಾಯಿ ಕೆಂಪಾಗಿ ಆಕಾಶ ನೋಡುತ್ತ ನಿಂತವು. ಅಕ್ಕ ಮೊದಲ ಹಣ್ಣು ಕಿತ್ತಳು. ಬೇಯಿಸಿದ ಮೊಟ್ಟೆ ಎರಡು ಹೋಳು ಮಾಡಿ, ಉಪ್ಪು ಉದುರಿಸಿ, ಮೊಟ್ಟೆಗೊಂದು ಕಚ್ಚು ಮೆಣಸಿಗೊಂದು ಕಚ್ಚು ಹಾಕಿದಳು. ಅವಳು ಮೊದಲಿಂದ ತಿನ್ನುತ್ತಿದ್ದದ್ದೇ ಹಾಗೆ. ಅರೆಗಳಿಗೆ ಏನೂ ಆಗಲಿಲ್ಲ. ಆಮೇಲೆ ಕಿವಿ ಕೆಂಪಾದವು, ಹಣೆಯಲ್ಲಿ ಬೆವರು ಒಡೆಯಿತು, ಕಣ್ಣು ಮೂಗು ಎರಡೂ ಒಟ್ಟಿಗೆ ಸುರಿದವು. ಕಾಲು ನೆಲಕ್ಕೆ ಅಪ್ಪಳಿಸಿ "ಅಬ್ಬಬ್ಬಬ್ಬಾ!" ಅಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಉಸಿರು ಎಳೆದುಕೊಂಡು, ತಮ್ಮನ ಕಡೆ ನೋಡಿ "ಇರ್ತೀನಿ" ಅಂದಳು. ಹಲ್ಲಣ್ಣನಿಗೆ ಕಣ್ಣು ತುಂಬಿ ಬಂತು. ಕೇಳಿದ್ದರೆ ಮೆಣಸಿನ ಘಾಟು ಅನ್ನುತ್ತಿದ್ದ.

ಆ ಸಂತೋಷದಲ್ಲೇ ಇನ್ನೊಂದು ಅನಾಹುತವೂ ಆಯಿತು. ಚೆನ್ನಾಗಿ ಕೊಬ್ಬಿದ ಎರಡು ಹಣ್ಣು ಆರಿಸಿ, ಸೀಳಿ, ಮುಂದಿನ ವರ್ಷಕ್ಕೆ ಬೀಜ ತೆಗೆದಿಟ್ಟ. ಕೈಯನ್ನು ನೀರಲ್ಲಿ ತೊಳೆದ ಶಾಸ್ತ್ರ ಮಾಡಿ ಅಂಗಡಿಗಿಳಿದ. ಟೀಚರಮ್ಮ ಸೆಟ್ಟು ಒತ್ತುತ್ತದೆ ಅಂತ ತಂದಿದ್ದರು. ಉಜ್ಜಿ ಸರಿಮಾಡಿ, ಬೆರಳಲ್ಲಿ ಸವರಿ ನೋಡಿ, "ಹಾಕ್ಕೊಂಡು ನೋಡಿ ಮೇಡಂ" ಅಂದ. ಹಾಕಿಕೊಂಡರು. ಮೂವತ್ತೆಂಟು ವರ್ಷ ಪಾಠ ಹೇಳಿದ ಗಂಭೀರ ಹೆಂಗಸು, ಬಾಲ ಸುಟ್ಟ ಬೆಕ್ಕಿನ ಹಾಗೆ ಎದ್ದು, ಸೆಟ್ಟು ಉಗಿದು, ನಲ್ಲಿಯ ಕೆಳಗೆ ಬಾಯಿ ಇಟ್ಟರು. ಹಲ್ಲಣ್ಣ ನೂರು ಸಲ ಕ್ಷಮೆ ಕೇಳಿದ. ಮೇಲಿನಿಂದ ಅಕ್ಕನ ನಗು ಇಳಿದು ಬಂತು, ಅದರ ಹಿಂದೆಯೇ ಕೋಲು ಕುಟ್ಟಿಕೊಂಡು ಅಕ್ಕನೂ ಇಳಿದು ಬಂದಳು, ಕೈಯಲ್ಲಿ ಒಂದು ಲೋಟ ಹಾಲು. ಅಂದಿನಿಂದ ಆ ಇಬ್ಬರು ಹೆಂಗಸರೂ ಗೆಳತಿಯರಾದರು.

ಹಾಗೆ ಕೆಳಗಿಳಿದ ಅಕ್ಕ ಮತ್ತೆ ಮೇಲೆ ಸುಮ್ಮನೆ ಕೂರಲಿಲ್ಲ. ಅಂಗಡಿಯ ಬೆಂಚಿನ ತುದಿಯಲ್ಲಿ ತನ್ನದೊಂದು ಜಾಗ ಮಾಡಿಕೊಂಡಳು. ಕಾದು ಕೂತ ಮುದುಕ ಮುದುಕಿಯರನ್ನು ಒಳಗೆ ಕಳಿಸುವ ಕೆಲಸ ಯಾರೂ ಕೊಡದೆ ಅವಳೇ ತೆಗೆದುಕೊಂಡದ್ದು.

"ಕೆಳದವಡೆಯವರು, ಎರಡನೇ ಟ್ರಯಲ್, ಒಳಗೆ ಬರಬೇಕು! ಮೇಲ್ದವಡೆಯವರು ಹತ್ತು ನಿಮಿಷ ತಡ! ಯಾರ್ರೀ ಅದು ಅಡ್ಡ ನಿಂತಿರೋದು, ದಾರಿ ಬಿಡಿ!"

ಜನಕ್ಕೆ ಮಜಾ. ಹಲ್ಲು ಸರಿಯಿದ್ದವರೂ ಸೆಟ್ಟು ಸಡಿಲ ಅಂತ ನೆಪ ಹೇಳಿಕೊಂಡು ಬಂದು ಕೂರುತ್ತಿದ್ದರು. ಮಧ್ಯಾಹ್ನ ಅಕ್ಕತಮ್ಮ ಎದುರು ಬದುರು ಕೂತು ಊಟ ಮಾಡುತ್ತಿದ್ದರು. ಮೂವತ್ತು ವರ್ಷ ಒಬ್ಬನೇ, ನಿಂತುಕೊಂಡೇ ತಿಂದ ಹಲ್ಲಣ್ಣನಿಗೆ, ಎದುರಿಗೆ ಒಬ್ಬರು ಕೂತು "ಇನ್ನೊಂದು ತುತ್ತು ಹಾಕ್ಕೋ" ಅನ್ನುವುದು ಎಂಥದು ಅಂತ ಗೊತ್ತಾಗಿಹೋಗಿತ್ತು. ಗೊತ್ತಾದ ಮೇಲೆ ಅದಿಲ್ಲದೆ ಬದುಕುವುದು ಹೇಗೆ ಅಂತ ಯೋಚಿಸುವುದಕ್ಕೇ ಅವನಿಗೆ ಭಯ.

ಎರಡನೇ ವರ್ಷದ ಗಿಡಗಳು ದಷ್ಟಪುಷ್ಟವಾಗಿ ಬಂದವು. ಕಾಯಿ ಸ್ವಲ್ಪ ದಪ್ಪ. ಹಲ್ಲಣ್ಣನಿಗೆ ಅದು ಹೆಮ್ಮೆ. ಆಕಾರ ಚೆನ್ನಾಗಿದ್ದದ್ದು ಕಂಡರೆ ಕೆಲಸಗಾರನಿಗೆ ಕೈ ಹಾಗೇ ಹೋಗುತ್ತದೆ ನೋಡಿ. ಎಲ್ಲಕ್ಕಿಂತ ದುಂಡಗಿದ್ದ ಕಾಯಿಯನ್ನೇ ಬೀಜಕ್ಕೆ ಇಟ್ಟುಕೊಂಡ. ಅಕ್ಕ ಮೊಟ್ಟೆಯ ಜೊತೆ ಕಚ್ಚಿ, "ಇದೆ, ಇದೆ. ಒಂಚೂರು ಮೆತ್ತಗಾಗಿದೆ. ಈ ಸಲ ಚಳಿ ಜಾಸ್ತಿ ಇತ್ತಲ್ಲ" ಅಂದಳು. ಅವನೂ ಚಳಿಯ ತಲೆಗೇ ಕಟ್ಟಿ ಸುಮ್ಮನಾದ. ಟೀಚರಮ್ಮನ ಹೊಸ ದೊಣ್ಣೆಮೆಣಸಿನ ಕುಂಡಗಳೂ ಪಕ್ಕದಲ್ಲೇ ಇದ್ದವು, ಬ್ರಷ್ಷಿನ ಸೇವೆ ಇಬ್ಬರಿಗೂ ನಡೆದಿತ್ತು.

ಮೂರನೇ ವರ್ಷದ ಕಾಯಿಗಳು ಕೆಂಪಾದ ದಿನ, ಅಕ್ಕ ಸ್ನಾನಕ್ಕೆ ಹೋಗಿದ್ದಾಗ, ಹಲ್ಲಣ್ಣ ಯಾಕೋ ಮನಸ್ಸು ತಡೆಯದೆ ಒಂದು ಕಿತ್ತು ಕಚ್ಚಿದ. ಉರಿ ಬರಲಿ ಅಂತ ಕಾದ. ಬರಲಿಲ್ಲ. ಇನ್ನೊಂದು ಗಿಡದ್ದು ಕಚ್ಚಿದ. ಸೌತೆಕಾಯಿ ತಿಂದ ಹಾಗಿತ್ತು. ಮೂರನೇ ಗಿಡದ್ದೂ ಅಷ್ಟೇ, ಬರೀ ನೀರು. ಅಕ್ಕ ಮೊದಲ ದಿನ ಹೇಳಿದ ಮಾತು ಅಕ್ಷರ ಬಿಡದೆ ಕಿವಿಯಲ್ಲಿ ಕೂಗಿತು. ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ.

ಅಷ್ಟರಲ್ಲಿ ಟೀಚರಮ್ಮ ಕುಂಡಕ್ಕೆ ಗೊಬ್ಬರ ಹಾಕಲು ಬಂದರು. ಅವನು ಒಂದು ಕಾಯಿ ಅವರ ಕೈಗಿಟ್ಟ. ಅವರು ಹಿಂದಿನ ಅನುಭವದಿಂದ ಹೆದರಿ ಹೆದರಿ ತುದಿ ಕಚ್ಚಿದರು, ಹುಬ್ಬೇರಿಸಿ ಇಡೀ ಕಾಯಿ ತಿಂದರು.

"ಹೂವಿಗೆ ಏನು ಮಾಡ್ತಿದ್ರಿ?"

"ಬ್ರಷ್ ಆಡಿಸ್ತಿದ್ದೆ ಮೇಡಂ."

"ನನ್ನ ಗಿಡಕ್ಕೆ?"

"ಅದಕ್ಕೂ ಆಡಿಸ್ತಿದ್ದೆ."

"ಅದೇ ಬ್ರಷ್ಷಾ?"

ಹಲ್ಲಣ್ಣ ಬ್ರಷ್ಷು ತೋರಿಸಿದ. ಟೀಚರಮ್ಮ ಬೆಂಚಿನ ಮೇಲೆ ಕುಸಿದರು. "ಅಯ್ಯೋ ದೇವರೇ. ಎರಡು ವರ್ಷದಿಂದ ನನ್ನ ಸಪ್ಪೆ ಗಿಡದ ಹೂವಿನ ಧೂಳು ತಗೊಂಡು ಅಕ್ಕನ ಹೂವಿಗೆ ಹಾಕಿದೀರಲ್ಲ ಹಲ್ಲಣ್ಣ! ಆ ವರ್ಷದ ಕಾಯಿಗೆ ಏನೂ ಆಗಲ್ಲ. ಅದರ ಬೀಜದಲ್ಲಿ ಬೆರಕೆ ಸೇರುತ್ತೆ. ಒಂದು ವರ್ಷ ಬೆರೆತು, ಮೇಲಿಂದ ಇನ್ನೊಂದು ವರ್ಷ ಬೆರೆತು, ಸಾಲದ್ದಕ್ಕೆ ಹೋದ ವರ್ಷ ನನಗೇ ತೋರಿಸಿಕೊಂಡು ದಪ್ಪ ಕಾಯಿ ನೋಡಿ ಬೀಜ ಆರಿಸಿದ್ದೀರಿ. ನಾನಾದರೂ ಹೇಳಬಾರದಿತ್ತಾ? ಪಕ್ಕದಲ್ಲೇ ಕುಂಡ ಇಟ್ಟು ನನಗೇ ಹೊಳೀಲಿಲ್ವಲ್ಲ, ಏನು ಟೀಚರೋ ನಾನು!"

ಒಬ್ಬರ ಸೆಟ್ಟು ಇನ್ನೊಬ್ಬರಿಗೆ ಹೋಗಬಾರದು ಅಂತ ಪ್ರತಿ ಅಚ್ಚಿಗೂ ನಂಬರು ಬರೆದು, ಬೇರೆ ಬೇರೆ ತಟ್ಟೆಯಲ್ಲಿಟ್ಟು, ಮೂವತ್ತು ವರ್ಷದಲ್ಲಿ ಒಂದು ಸಲವೂ ಅದಲುಬದಲು ಮಾಡದವನು ತಾನು. ಅಮ್ಮನ ಕೈಯಿಂದ ಬಂದದ್ದನ್ನು ತನ್ನ ಕೈಯಾರೆ ಕೆಡಿಸಿಬಿಟ್ಟೆನಲ್ಲ! ಹಳೆಯ ಡಬ್ಬಿ ಯಾವಾಗಲೋ ಖಾಲಿ. ಮೊದಲ ವರ್ಷದ ಹಣ್ಣಿನ ಬೀಜ ಎಲ್ಲಾದರೂ ಉಳಿದಿದ್ದರೂ ಅದರಲ್ಲೂ ಬೆರಕೆಯೇ.

ಮನುಷ್ಯ ಕಂಗಾಲಾದಾಗ ಎಂಥೆಂಥ ಕೆಲಸಕ್ಕೆ ಇಳಿಯುತ್ತಾನೆ ನೋಡಿ. ಅಂದು ಮಧ್ಯಾಹ್ನ ಹಲ್ಲಣ್ಣ ದೊಡ್ಡ ಅಂಗಡಿಯಿಂದ ಒಂದು ಸೀಸೆ ಖಾರದ ಸಾಸ್ ತಂದ. ಬಾಗಿಲು ಹಾಕಿಕೊಂಡು, ಮೇಣ ತುಂಬುವ ಸಣ್ಣ ಸಿರಿಂಜಿನಿಂದ ಅದನ್ನು ಒಂದು ಕಾಯಿಯೊಳಗೆ ಚುಚ್ಚಿದ. ಚುಚ್ಚಿದ ತೂತಿನಿಂದ ಸಾಸು ಜಿನುಗಿ ಗಿಡದ ಮೇಲೆಲ್ಲ ಹರಿಯಿತು. ಒರೆಸಿದಷ್ಟೂ ಜಿನುಗಿತು. ಮಗುವಾಗಿದ್ದಾಗ ತನ್ನ ಮೂಗು ಒರೆಸಿದವಳಿಗೆ ಮೋಸ ಮಾಡಲು ಕೂತಿದ್ದೇನಲ್ಲ ಅನ್ನಿಸಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕಾಯಿ, ಸಿರಿಂಜು, ಸೀಸೆ ಮೂರನ್ನೂ ಕಸದ ಬುಟ್ಟಿಗೆ ಹಾಕಿದ. ನಾಳೆ ಊಟದ ಹೊತ್ತಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದು ಅಂತ ಗಟ್ಟಿ ಮನಸ್ಸು ಮಾಡಿದ.

ಮಾರನೇ ದಿನ ಊಟಕ್ಕೆ ಕೂತಾಗ ಅಕ್ಕನ ತಟ್ಟೆಯಲ್ಲಿ ಆಗಲೇ ಮೊಟ್ಟೆ ಇತ್ತು, ಪಕ್ಕದಲ್ಲಿ ಅವಳೇ ಕಿತ್ತು ತಂದ ಕೆಂಪು ಹಣ್ಣು ಎರಡು.

"ಅಕ್ಕಾ, ಒಂದು ವಿಷಯ..." ಅಂತ ಶುರುಮಾಡಿದ.

"ಮೊದಲು ತಿನ್ನೋಕೆ ಬಿಡು" ಅಂದು ಅವಳು ಕಚ್ಚಿದಳು. ಅಗಿದಳು. ಹಲ್ಲಣ್ಣ ತುತ್ತು ಕೈಯಲ್ಲೇ ಹಿಡಿದು ನೋಡಿದ.

"ಹಾ... ಹಾ... ಅಬ್ಬಬ್ಬಾ!" ಅಂದಳು ಅಕ್ಕ. ಕಾಲು ನೆಲಕ್ಕೆ ಅಪ್ಪಳಿಸಿದಳು. ಸೆರಗಿನಿಂದ ಮುಖಕ್ಕೆ ಗಾಳಿ ಹಾಕಿಕೊಂಡಳು. "ಏನೋ ಇದು ಖಾರ, ಜೀವ ಹೋಗ್ತಿದೆ! ನೀರು ಕೊಡೋ, ನೀರು!"

ಒಂದು ಕ್ಷಣ ಅವನಿಗೆ ನಂಬಿಕೆಯೇ ಬಂತು. ಇವಳು ಕಿತ್ತದ್ದರಲ್ಲಿ ಖಾರ ಉಳಿದಿತ್ತೇನೋ! ಲೋಟ ಕೊಡುತ್ತ ಹತ್ತಿರದಿಂದ ಮುಖ ನೋಡಿದ. ಜನ ಬಾಯಿಯ ವಿಷಯದಲ್ಲಿ ಹೇಳುವ ಸುಳ್ಳು ಅವನಿಗೆ ಹೊಸದಲ್ಲ. ವಸಡು ಹುಣ್ಣಾಗಿದ್ದರೂ ಮುಲಾಜಿಗೆ "ಚೆನ್ನಾಗಿದೆ ಹಲ್ಲಣ್ಣ" ಅನ್ನುವವರನ್ನು ದಿನಾ ನೋಡುವವನು. ಅಕ್ಕನ ಕಣ್ಣು ಒಣಗಿತ್ತು. ಮೂಗು ಒಣಗಿತ್ತು. ಕಿವಿ ಬೆಳ್ಳಗಿತ್ತು. ಹಣೆಯಲ್ಲಿ ಒಂದು ಹನಿ ಬೆವರಿಲ್ಲ. ಹಾಗಿದ್ದೂ ಆ ಎಪ್ಪತ್ತನಾಲ್ಕರ ಹೆಂಗಸು ನಾಲಿಗೆ ಹೊರಚಾಚಿ, ಕೈ ಬೀಸಿ, ಶಾಲೆಯ ನಾಟಕದ ಹಾಗೆ ಹಾ ಹಾ ಅನ್ನುತ್ತಿದ್ದಳು.

"ಸುಳ್ಳು ಹೇಳಬೇಡ ಅಕ್ಕಾ" ಅಂದ. "ಸಪ್ಪೆ ಇದೆ. ಮೂರು ಗಿಡದ್ದೂ ಸಪ್ಪೆ ಇದೆ. ನಾನು ತಿಂದು ನೋಡಿದೀನಿ."

ಅಕ್ಕನ ಕೈ ಗಾಳಿ ಹಾಕುವುದನ್ನು ನಿಲ್ಲಿಸಿತು. ಮಾತಾಡಿದಾಗ ಆ ದನಿಯಲ್ಲಿ ಬಸ್ ನಿಲ್ದಾಣ ಇರಲೇ ಇಲ್ಲ.

"ನಾನೂ ನಾಲ್ಕು ದಿನದ ಹಿಂದೆ, ಕಾಯಿ ಹಸಿರಿದ್ದಾಗಲೇ ತಿಂದು ನೋಡಿದೆ."

"ಮತ್ತೆ ಯಾಕೆ ಹೀಗೆ..."

"ಸಪ್ಪೆ ಅಂದರೆ ನಾನು ಹೋಗಬೇಕಲ್ಲೋ" ಅಂದಳು. "ಆಡಿದ ಮಾತು, ನಾನೇ ಆಡಿದ್ದು. ಹೆಂಗೆ ವಾಪಸ್ ತಗೊಳ್ಳಲಿ? ನಂಗೆ ಹೋಗೋಕೆ ಇಷ್ಟ ಇಲ್ಲ ಕಣೋ. ಆ ಬಚ್ಚಲ ನೆಲದ ಮೇಲೆ ಒಂದೂವರೆ ದಿನ ಬಿದ್ದಿದ್ದೆನಲ್ಲ, ಆಗ ಯಾರನ್ನ ಕೂಗಿದೆ ಗೊತ್ತಾ? ನಿನ್ನನ್ನ. ಇನ್ನೂರು ಮೈಲಿ ದೂರ ಇರೋನನ್ನ. ಗಂಟಲು ಹೋಗೋವರೆಗೂ ಕೂಗಿದೆ. ಇಲ್ಲಿ ಮೆಲ್ಲಗೆ ಕರೆದರೂ ಓ ಅಂತೀಯಲ್ಲ. ಅದನ್ನ ಬಿಟ್ಟು ಎಲ್ಲಿಗೆ ಹೋಗಲಿ?"

ಹಲ್ಲಣ್ಣ ಎದ್ದು ಬಂದು ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಕೂತು, ಬ್ರಷ್ಷಿನ ಕಥೆ ಒಂದೂ ಬಿಡದೆ ಹೇಳಿದ. ಟೀಚರಮ್ಮನ ಹೂವು ಮೊದಲು, ಅಮ್ಮನ ಹೂವು ಆಮೇಲೆ, ದಪ್ಪ ಕಾಯಿ ನೋಡಿ ಬೀಜ ಆರಿಸಿದ್ದು, ನಿನ್ನೆಯ ಸಿರಿಂಜು, ಎಲ್ಲ. "ಅಮ್ಮನದು ಅಂತ ಇದ್ದದ್ದು ಅದೊಂದೇ ಅಕ್ಕಾ. ನಾನು ಕಳೆದುಬಿಟ್ಟೆ. ಹೊಟ್ಟೆಗೆ ಹಾಕ್ಕೋ."

ಅಕ್ಕ ಅತ್ತಳು. ಮೆಣಸಿನಕಾಯಿ ತರಿಸಲಾಗದ ನೀರು ಈಗ ಕಣ್ಣಲ್ಲಿ ಮೂಗಲ್ಲಿ ಎರಡರಲ್ಲೂ ಬಂತು. ಅಮ್ಮ ಆ ಗಿಡಕ್ಕೆ ಪಾತ್ರೆ ತೊಳೆದ ನೀರು ಚೆಲ್ಲುತ್ತಿದ್ದದ್ದು, ಕಾಯಿ ಕಿತ್ತು ಮಡಿಲಲ್ಲಿ ತುಂಬಿಕೊಳ್ಳುತ್ತಿದ್ದದ್ದು, ತಮ್ಮನಿಗೆ ನೆನಪೇ ಇಲ್ಲದ ಅಮ್ಮನ ಸುದ್ದಿಯನ್ನು ಬಿಕ್ಕುತ್ತ ಹೇಳಿದಳು. ಅವನು ಅವಳ ಮೊಣಕಾಲು ಹಿಡಿದುಕೊಂಡು ಕೇಳಿದ.

ಕೊನೆಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಅವನ ತಲೆಯ ಮೇಲೆ ಕೈ ಇಟ್ಟಳು. "ಗಿಡ ಹೋಯ್ತು. ಹೋಗಲಿ. ಅಮ್ಮ ನನ್ನ ಕೈಗೆ ಗಿಡವನ್ನಷ್ಟೇ ಕೊಟ್ಟು ಹೋದಳಾ? ನಿನ್ನನ್ನೂ ಕೊಟ್ಟು ಹೋದಳಲ್ಲೋ."

ಆ ಕೈ ಹಾಗೇ ಇದ್ದು, ಮರುಕ್ಷಣ ಅವನ ಕಿವಿಗೆ ಇಳಿದು ಬಲವಾಗಿ ಹಿಂಡಿತು.

"ಅಲ್ಲವೋ, ಬುದ್ಧಿ ಇರೋನು ಯಾರಾದರೂ ಒಂದೇ ಬ್ರಷ್ಷಲ್ಲಿ ಎರಡು ಮನೆ ಹೂವು ಸವರ್ತಾರೇನೋ! ಐವತ್ತು ವರ್ಷ ನನ್ನ ಕೈಯಲ್ಲಿ ಕೆಡದಿದ್ದದ್ದು ನಿನ್ನ ಕೈಯಲ್ಲಿ ಎರಡು ವರ್ಷಕ್ಕೆ ಕುಲಗೆಟ್ಟು ಹೋಯ್ತಲ್ಲೋ! ಆಕಾರ ನೋಡಿ ಆರಿಸಿದನಂತೆ, ಆಕಾರ! ಮೆಣಸಿನಕಾಯಿಗೆ ಹಲ್ಲು ಕಟ್ಟೋಕೆ ಹೊರಟಿದ್ದೆಯಾ? ಸಿರಿಂಜು ಬೇರೆ ತಗೊಂಡನಂತೆ!"

ಗಂಟಲು ಪೂರ್ತಿ ವಾಪಸ್ ಬಂದಿತ್ತು. ಕೆಳಗೆ ಬೆಂಚಿನ ಮೇಲೆ ಕಾಯುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಲ್ಲಣ್ಣ ಕಿವಿ ಬಿಡಿಸಿಕೊಳ್ಳಲು ಹೋಗಲಿಲ್ಲ. ಬಿಟ್ಟು ಹೋಗುವವರು ಹೀಗೆ ಬೈಯುವುದಿಲ್ಲ. ಬೀಜ ಕೊಳೆತ ದಿನ ಅವಳು ಬೈದೇ ಇರಲಿಲ್ಲ. ನೋಯುತ್ತಿದ್ದ ಕಿವಿ ಹಿಡಿಸಿಕೊಂಡೇ ಅವನು ನಗುತ್ತಿದ್ದ, ಕಣ್ಣಲ್ಲಿ ನೀರು ಹರಿಯುತ್ತಿತ್ತು.

"ನಗ್ತೀಯಾ? ನಗು ನಗು. ಆ ಟೀಚರಮ್ಮನ ಕುಂಡ ನಾಳೆಯಿಂದ ಮೆಟ್ಟಿಲ ಹತ್ತಿರ ಹೋಗಬೇಕು. ಆ ಕಿಟಕಿಗೆ ಒಂದು ಅಡ್ಡ ಹಲಗೆ ಹೊಡೆಸು. ಚಳಿಗಾಲ ಮುಗಿಯೋದರೊಳಗೆ ಎಲ್ಲಿಂದಾದರೂ ಖಾರದ ಬೀಜ ತರಿಸು, ಯಾವ ಊರಿನದಾದರೂ ಸರಿ. ಇನ್ನು ಮುಂದೆ ಈ ಮನೇಲಿ ಯಾವ ಗಿಡ ಎಲ್ಲಿರಬೇಕು, ಯಾರು ಯಾವುದನ್ನ ಮುಟ್ಟಬೇಕು ಅಂತ ನಾನು ಹೇಳ್ತೀನಿ. ಕೇಳಿಸ್ತಾ?"

"ಕೇಳಿಸ್ತು ಅಕ್ಕಾ" ಅಂದ ಹಲ್ಲಣ್ಣ.